ಅತಿಕ್ಷೀಣ ಸಂಕೇತಗಳ ಮಾಪನದಲ್ಲಿ ವರ್ಧಕದ ಆಯ್ಕೆ

ಭೂಮಿ ಎಂದೂ ಪೂರ್ಣವಾಗಿ ನಿಶ್ಚಲವಾಗಿರುವುದಿಲ್ಲ. ಭೂಕಂಪವಿಲ್ಲದ ದಿನಗಳಲ್ಲಿಯೂ ಕಡಲಿನ ಅಲೆಗಳು, ಮರಗಳನ್ನು ಅಲುಗಿಸುವ ಗಾಳಿ, ದೂರದ ರಸ್ತೆಯ ವಾಹನಗಳು ನೆಲವನ್ನು ಸದಾ ನಡುಗಿಸುತ್ತಲೇ ಇರುತ್ತವೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಜಾನ್ ಪೀಟರ್ಸನ್ ಅವರು ಜಗತ್ತಿನ ನಾನಾ ಭೂಕಂಪ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿ, ಈ ನಿರಂತರ ನಡುಕದ ಕೆಳಮಿತಿ ಎಷ್ಟೆಂಬುದನ್ನು ಸೂಚಿಸುವ ಮಾದರಿಯೊಂದನ್ನು 1993ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ, ಅತ್ಯಂತ ಶಾಂತವಾದ ತಾಣಗಳಲ್ಲಿ, 10 ಹರ್ಟ್ಸ್ ಆವೃತ್ತಿಯ ಆಸುಪಾಸಿನ ಒಂದು ಹರ್ಟ್ಸ್ ಅಗಲದ ಪಟ್ಟಿಯಲ್ಲಿ ನೆಲದ ಚಲನೆ ಒಂದು ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಮಾತ್ರ. ಜಲಜನಕದ ಪರಮಾಣುವಿನ ವ್ಯಾಸದ ಸುಮಾರು ನೂರನೆಯ ಒಂದು ಪಾಲು ಇದು.

ಇಷ್ಟು ಸೂಕ್ಷ್ಮವಾದ ಚಲನೆಯನ್ನು ಅಳೆಯಲು ಅತಿ ವಿಶಿಷ್ಟವಾದ ಉಪಕರಣವೇನೂ ಬೇಕಾಗಿಲ್ಲವೆಂಬುದು ಸೋಜಿಗದ ಸಂಗತಿ. ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಹಾಕಿದ ದ್ರವ್ಯರಾಶಿ, ಒಂದು ತಂತಿಯ ಸುರುಳಿ, ಇಷ್ಟೇ ಇರುವ ಭೂಕಂಪಮಾಪಕ ಸಾಕು. ಎಲ್-4ಸಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಮಾಪಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಹಜ ಆವೃತ್ತಿ 1 ಹರ್ಟ್ಸ್. ಸುರುಳಿಯ ರೋಧ ಸುಮಾರು 5,500 ಓಮ್. ನೆಲದ ವೇಗ ಸೆಕೆಂಡಿಗೆ ಒಂದು ಮೀಟರ್ ಆದಾಗ ಅದು ಸುಮಾರು 277 ವೋಲ್ಟ್ ನೀಡುತ್ತದೆ. ಮೇಲೆ ಹೇಳಿದ ಕನಿಷ್ಠ ಚಲನೆಯನ್ನು ವೇಗಕ್ಕೆ ಪರಿವರ್ತಿಸಿ ಇದರಿಂದ ಗುಣಿಸಿದರೆ ಸುರುಳಿಯ ತುದಿಗಳಲ್ಲಿ ದೊರೆಯುವುದು ಸುಮಾರು 17.5 ನ್ಯಾನೊವೋಲ್ಟ್. ಒಂದು ವೋಲ್ಟಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊವೋಲ್ಟ್. ಆದ್ದರಿಂದ ಸಮಸ್ಯೆ ಮಾಪಕದ್ದಲ್ಲ; ಮಾಪಕದ ಮುಂದೆ ಯಾವ ವರ್ಧಕವನ್ನಿರಿಸಬೇಕು ಎಂಬುದರದು.

ವಿವರಣ ಪತ್ರಗಳನ್ನು ತಿರುವಿಹಾಕಿ, ಮೊದಲ ಪುಟದಲ್ಲಿ ಅತಿ ಕಡಿಮೆ ಗದ್ದಲದ ಅಂಕಿ ಯಾವುದಕ್ಕಿದೆಯೋ ಅದನ್ನು ಕೊಂಡುಬಿಡುವುದೇ ಈ ಪ್ರಶ್ನೆಗೆ ಸುಲಭವಾದ ಉತ್ತರವೆಂದು ಅನೇಕರು ಭಾವಿಸುತ್ತಾರೆ. ನಾನು ಹತ್ತಿರದಿಂದ ಕಂಡ ಪ್ರಯೋಗಾಲಯವೊಂದರಲ್ಲಿ ಹೀಗೆಯೇ ಆಯಿತು. ಯೋಜನೆಯ ಹಣದಲ್ಲಿ ಒಳ್ಳೆಯ ಪಾಲನ್ನು ವೆಚ್ಚ ಮಾಡಿ, ಪಟ್ಟಿಯಲ್ಲಿ ಎಲ್ಲಕ್ಕಿಂತ ಶಾಂತವೆನಿಸಿದ ವರ್ಧಕವನ್ನು ತರಿಸಿ ಜೋಡಿಸಿದರು. ಒಂದು ಬೇಸಗೆಯ ದಾಖಲೆಗಳೆಲ್ಲ ಸಂಗ್ರಹವಾದ ಮೇಲೆ ತಿಳಿದುಬಂದದ್ದು, ಅವರು ಅಷ್ಟು ದಿನ ಬರೆದುಕೊಂಡದ್ದು ನೆಲದ ನಡುಕವನ್ನಲ್ಲ, ವರ್ಧಕದ ಸ್ವಂತ ಗದ್ದಲವನ್ನು. ವರ್ಧಕ ಕೆಟ್ಟದ್ದಾಗಿರಲಿಲ್ಲ, ವಿವರಣ ಪತ್ರದಲ್ಲಿ ಸುಳ್ಳೂ ಇರಲಿಲ್ಲ. ಆಕರಕ್ಕೂ ವರ್ಧಕಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೆ. ಆ ಹೊಂದಾಣಿಕೆಯನ್ನು ಲೆಕ್ಕ ಹಾಕಿ ಕಂಡುಕೊಳ್ಳುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮುಂದುವರಿಯುವ ಮುನ್ನ ಪದಗಳ ಬಗ್ಗೆ ಒಂದು ಮಾತು. ಇಂಗ್ಲಿಷಿನ ‘ನಾಯ್ಸ್’ ಎಂಬುದಕ್ಕೆ ‘ಶಬ್ದ’ ಎಂದರೆ ಕನ್ನಡದಲ್ಲಿ ಅದು ಪದವೆಂಬ ಅರ್ಥವನ್ನೂ ಕೊಟ್ಟು ಗೊಂದಲವಾಗುತ್ತದೆ. ‘ಸದ್ದು’ ಎಂದರೆ ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಭೇದ ಉಳಿಯುವುದಿಲ್ಲ. ‘ಗದ್ದಲ’ ಎಂಬ ಮಾತಿನಲ್ಲಿ ಹಲವು ಮೂಲಗಳು ಒಟ್ಟುಗೂಡಿ ಕೇಳಬೇಕಾದದ್ದನ್ನು ಮುಚ್ಚಿಹಾಕುವ ಭಾವವಿದೆ. ಸಂತೆಯ ಗದ್ದಲದಲ್ಲಿ ಯಾರ ಮಾತೂ ಪ್ರತ್ಯೇಕವಾಗಿ ಕೇಳುವುದಿಲ್ಲ, ಆದರೆ ಎಲ್ಲರೂ ಮಾತನಾಡುತ್ತಿರುತ್ತಾರೆ. ವಿದ್ಯುನ್ಮಂಡಲದ ಗದ್ದಲವೂ ಅಂಥದ್ದೇ ಆದುದರಿಂದ ಇಲ್ಲಿ ಆ ಪದವನ್ನೇ ಬಳಸಿದ್ದೇನೆ.

ಗದ್ದಲದ ಮೊದಲ ಮೂಲ ಆಕರದಲ್ಲಿಯೇ ಇದೆ. ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು, ಒಂದು ಪ್ರಯೋಗದಿಂದಲೂ ಇನ್ನೊಂದು ಸಿದ್ಧಾಂತದಿಂದಲೂ, ಒಂದೇ ಸಂಗತಿಯನ್ನು ತೋರಿಸಿಕೊಟ್ಟವು. ಯಾವುದೇ ರೋಧಕದಲ್ಲಿ ವಿದ್ಯುದಾವೇಶಗಳ ಉಷ್ಣ ಚಲನೆಯಿಂದಾಗಿ ಯಾದೃಚ್ಛಿಕ ವೋಲ್ಟತೆಯೊಂದು ಉಂಟಾಗುತ್ತದೆ. ಅದರ ವರ್ಗವು ರೋಧಕ್ಕೂ ನಿರಪೇಕ್ಷ ಉಷ್ಣತೆಗೂ ಪಟ್ಟಿಯ ಅಗಲಕ್ಕೂ ಅನುಪಾತದಲ್ಲಿರುತ್ತದೆ. ರೋಧಕ ಯಾವ ವಸ್ತುವಿನದು, ಎಷ್ಟು ಬೆಲೆಯದು ಎಂಬುದು ಇಲ್ಲಿ ಗಣನೆಗೇ ಬಾರದು. ಕೊಠಡಿಯ ಉಷ್ಣತೆಯಲ್ಲಿ 1,000 ಓಮ್ ರೋಧಕದ ಉಷ್ಣ ಗದ್ದಲ ಒಂದು ಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸುಮಾರು 4.1 ನ್ಯಾನೊವೋಲ್ಟ್. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟರೆ ಉಳಿದವನ್ನು ವರ್ಗಮೂಲದಿಂದ ಪಡೆಯಬಹುದು: 100 ಓಮ್‌ಗೆ 1.3, 10,000 ಓಮ್‌ಗೆ 12.9. ನಮ್ಮ ಮಾಪಕದ 5,500 ಓಮ್ ಸುರುಳಿಗೆ 9.5. ಇದು ಪ್ರಕೃತಿ ವಿಧಿಸಿದ ತೆರಿಗೆ. ಆಕರವನ್ನು ತಂಪು ಮಾಡಿದ ಹೊರತು ಇದರಿಂದ ಬಿಡುಗಡೆಯಿಲ್ಲ. ಇನ್ನು ಮುಂದೆ ಕೊಡುವ ಅಂಕಿಗಳೆಲ್ಲ ಹೀಗೆಯೇ ಒಂದು ಹರ್ಟ್ಸ್ ಪಟ್ಟಿಗೆ ಸಂಬಂಧಿಸಿದವೆಂದು ಓದುಗರು ಗ್ರಹಿಸಬೇಕು.

ಎರಡನೆಯದು ವರ್ಧಕದ ಗದ್ದಲ. ಇದನ್ನು ಒಂದೇ ಅಂಕಿಯಿಂದ ಹೇಳಲಾಗದು ಎಂಬುದೇ ಇಡೀ ವಿಷಯದ ತಿರುಳು. ವರ್ಧಕದ ಆದಾನ ತುದಿಯಲ್ಲಿ, ಎಂದರೆ ಸಂಕೇತ ಒಳಹೊಗುವ ತುದಿಯಲ್ಲಿ, ಎರಡು ಸ್ವತಂತ್ರ ಗದ್ದಲಗಳಿವೆಯೆಂದು ಭಾವಿಸಬೇಕು. ಒಂದು ವೋಲ್ಟತೆಯ ಗದ್ದಲ. ಅದು ಸಂಕೇತದೊಂದಿಗೆ ನೇರವಾಗಿ ಕೂಡಿಕೊಳ್ಳುತ್ತದೆ. ಇನ್ನೊಂದು ಪ್ರವಾಹದ ಗದ್ದಲ. ಅದು ವರ್ಧಕದಿಂದ ಹೊರಟು ಆಕರದ ಮೂಲಕ ಹರಿದು, ಆಕರದ ರೋಧದಿಂದ ಗುಣಿತವಾಗಿ ಮತ್ತೆ ವೋಲ್ಟತೆಯಾಗಿ ಕಾಣಿಸಿಕೊಳ್ಳುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾಗುವುದು ಸಾಮಾನ್ಯವಾಗಿ ಮೊದಲನೆಯದು. ಎರಡನೆಯದು ಒಳಪುಟದ ಕೋಷ್ಟಕದಲ್ಲಿರುತ್ತದೆ.

ಈ ಮೂರನ್ನೂ ಸಾದಾ ಸಂಕಲನದಿಂದ ಕೂಡಿಸುವಂತಿಲ್ಲ. ಪರಸ್ಪರ ಸಂಬಂಧವಿಲ್ಲದ ಗದ್ದಲಗಳ ವರ್ಗಗಳನ್ನು ಕೂಡಿಸಿ ಮೊತ್ತದ ವರ್ಗಮೂಲವನ್ನು ತೆಗೆಯಬೇಕು. ಲಂಬಕೋನ ತ್ರಿಭುಜದ ಎರಡು ಭುಜಗಳಿಂದ ಕರ್ಣವನ್ನು ಕಂಡುಹಿಡಿಯುವಂತೆ. 3 ಮತ್ತು 1 ಕೂಡಿದರೆ 4 ಆಗದೆ 3.16 ಆಗುತ್ತದೆ. ಇದರಿಂದ ಬಹು ಮುಖ್ಯವಾದ ವ್ಯಾವಹಾರಿಕ ಫಲವೊಂದಿದೆ: ದೊಡ್ಡ ಭುಜ ಯಾವುದೋ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ. ಚಿಕ್ಕ ಭುಜವನ್ನು ಅರ್ಧಕ್ಕಿಳಿಸಲು ಹಣ ಸುರಿದರೂ ಕರ್ಣ ಕದಲುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೂರು ವರ್ಧಕ ಐ.ಸಿ.ಗಳನ್ನು ಆಯ್ದುಕೊಂಡಿದ್ದೇನೆ, ಅಂಕಿಗಳು ತಯಾರಕರು ಪ್ರಕಟಿಸಿರುವ ಮಾದರಿ ಮೌಲ್ಯಗಳು. ಎಲ್‌ಟಿ 1028 ಎಂಬುದರ ವೋಲ್ಟತೆಯ ಗದ್ದಲ 10 ಹರ್ಟ್ಸ್‌ನಲ್ಲಿ 1.0 ನ್ಯಾನೊವೋಲ್ಟ್, ಪ್ರವಾಹದ ಗದ್ದಲ 4.7 ಪಿಕೊಆಂಪೇರ್. ಓಪಿ 27ಕ್ಕೆ ಇವು ಕ್ರಮವಾಗಿ 3.5 ಮತ್ತು 1.7. ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರುಗಳನ್ನು ಆದಾನದಲ್ಲಿ ಹೊಂದಿರುವ ಎಡಿ 743ಕ್ಕೆ ವೋಲ್ಟತೆಯ ಗದ್ದಲ 5.5 ನ್ಯಾನೊವೋಲ್ಟ್, ಆದರೆ ಪ್ರವಾಹದ ಗದ್ದಲ ಪಿಕೊಆಂಪೇರಿನ ಸಾವಿರದಲ್ಲಿ ಏಳು ಭಾಗ ಮಾತ್ರ. ವೋಲ್ಟತೆಯೊಂದನ್ನೇ ನೋಡಿದರೆ ಎಲ್‌ಟಿ 1028 ಐದು ಪಟ್ಟಿಗಿಂತ ಹೆಚ್ಚು ಶಾಂತ. ಇವುಗಳನ್ನು ನಮ್ಮ 5,500 ಓಮ್ ಸುರುಳಿಗೆ ಜೋಡಿಸಿ ನೋಡಿ. ಎಲ್‌ಟಿ 1028ರ ಪ್ರವಾಹ ಸುರುಳಿಯಲ್ಲಿ ಹರಿದು 25.9 ನ್ಯಾನೊವೋಲ್ಟ್ ಆಗುತ್ತದೆ, ಸುರುಳಿಯ 9.5 ಮತ್ತು ವರ್ಧಕದ 1.0ನ್ನು ಕೂಡಿಸಿದರೆ ಒಟ್ಟು 27.6. ಓಪಿ 27ರ ಪ್ರವಾಹದಿಂದ 9.4, ಒಟ್ಟು 13.8. ಎಡಿ 743ರ ಪ್ರವಾಹದ ಕೊಡುಗೆ ಗಣನೆಗೇ ಬಾರದಷ್ಟು ಅಲ್ಪ, ಒಟ್ಟು 11.0. ಅಳೆಯಬೇಕಾದ ನೆಲದ ನಡುಕ 17.5 ಎಂಬುದನ್ನು ನೆನಪಿಸಿಕೊಳ್ಳಬೇಕು. ಪಟ್ಟಿಯಲ್ಲಿ ಅತಿ ಶಾಂತವೆನಿಸಿದ ವರ್ಧಕ ನೆಲವನ್ನು ಪೂರ್ತಿಯಾಗಿ ಮುಚ್ಚಿಹಾಕುತ್ತದೆ, ಅತಿ ಗದ್ದಲದ್ದೆನಿಸಿದ್ದು ಅದನ್ನು ಕಾಣಗೊಡುತ್ತದೆ.

ಹಾಗಾದರೆ ಎಲ್‌ಟಿ 1028 ನಿಷ್ಪ್ರಯೋಜಕವೆ? ಖಂಡಿತ ಅಲ್ಲ. ಆಕರವನ್ನು ಬದಲಾಯಿಸಿ, 100 ಓಮ್ ರೋಧದ ಉಷ್ಣಯುಗ್ಮ ಸರಣಿಯೊಂದನ್ನು ಜೋಡಿಸಿದೆವೆನ್ನೋಣ. ಆಗ ಅದೇ ಕ್ರಮದಲ್ಲಿ ಒಟ್ಟು ಗದ್ದಲಗಳು 1.7, 3.7 ಮತ್ತು 5.7. ಶ್ರೇಣಿ ತಲೆಕೆಳಗಾಯಿತು. ವೋಲ್ಟತೆಯ ಗದ್ದಲವನ್ನು ಪ್ರವಾಹದ ಗದ್ದಲದಿಂದ ಭಾಗಿಸಿದರೆ ಬರುವ ರೋಧವೇ ಆ ವರ್ಧಕಕ್ಕೆ ಒಗ್ಗುವ ಆಕರದ ಸೂಚಕ. 10 ಹರ್ಟ್ಸ್‌ನಲ್ಲಿ ಎಲ್‌ಟಿ 1028ಕ್ಕೆ ಅದು ಸುಮಾರು 210 ಓಮ್, ಓಪಿ 27ಕ್ಕೆ ಸುಮಾರು 2,000 ಓಮ್, ಎಡಿ 743ಕ್ಕೆ ಸುಮಾರು ಎಂಟು ಲಕ್ಷ ಓಮ್. ವರ್ಧಕವನ್ನು ಹುಡುಕಹೊರಟವರು ಮೊಟ್ಟಮೊದಲು ಕೇಳಿಕೊಳ್ಳಬೇಕಾದುದು ತಮ್ಮ ಆಕರದ ರೋಧವೆಷ್ಟು ಎಂಬುದನ್ನೇ ಹೊರತು ಯಾವ ವರ್ಧಕ ಉತ್ತಮವೆಂಬುದನ್ನಲ್ಲ.

ಆಕರದ ರೋಧವೂ ಯಾವಾಗಲೂ ಮಾಪಕ ಯಂತ್ರ ತೋರಿಸುವಷ್ಟೇ ಇರುವುದಿಲ್ಲ. ಭೂಕಂಪಮಾಪಕದಲ್ಲಿ ತೂಗುವ ದ್ರವ್ಯರಾಶಿಯ ಚಲನೆಯೇ ಸುರುಳಿಯಲ್ಲಿ ಪ್ರತಿವೋಲ್ಟತೆಯನ್ನುಂಟುಮಾಡುತ್ತದೆ. ಅವಮಂದಕ ರೋಧಕವನ್ನು ಜೋಡಿಸದೆ ಬಿಟ್ಟ ಎಲ್-4ಸಿ ತನ್ನ ಸಹಜ ಆವೃತ್ತಿಯ ಬಳಿ ಇಪ್ಪತ್ತು ಸಾವಿರ ಓಮ್‌ಗೂ ಹೆಚ್ಚಿನ ರೋಧವಿರುವಂತೆ ವರ್ತಿಸುತ್ತದೆ. ಅದೃಷ್ಟವಶಾತ್ ಅಲ್ಲಿ ಸಂಕೇತವೂ ಬಲವಾಗಿರುವುದರಿಂದ ಹಾನಿ ಕಡಿಮೆ. ಮೇಲಿನ ಲೆಕ್ಕಕ್ಕೆ 10 ಹರ್ಟ್ಸ್ ಅನ್ನು ಆಯ್ದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಇನ್ನು ಆವೃತ್ತಿ ಕೆಳಗಿಳಿದಾಗ ಏನಾಗುತ್ತದೆ ಎಂಬ ಪ್ರಶ್ನೆ. ಉಷ್ಣ ಗದ್ದಲ ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಸಮನಾಗಿರುತ್ತದೆ. ಆದರೆ 1925ರಲ್ಲಿ ಇದೇ ಜಾನ್ಸನ್ ನಿರ್ವಾತ ಕವಾಟಗಳಲ್ಲಿ, ಆವೃತ್ತಿ ತಗ್ಗಿದಂತೆಲ್ಲ ಹೆಚ್ಚುತ್ತ ಹೋಗುವ ಮತ್ತೊಂದು ಗದ್ದಲವನ್ನು ಕಂಡರು. ಇದೇ ಮಿನುಗು ಗದ್ದಲ. ಕವಾಟಗಳು ಹೋಗಿ ಅರೆವಾಹಕಗಳು ಬಂದರೂ ಇದು ಹೋಗಲಿಲ್ಲ. ಇದರ ಶಕ್ತಿ ಆವೃತ್ತಿಗೆ ವಿಲೋಮ ಅನುಪಾತದಲ್ಲಿರುವುದರಿಂದ 0.1ರಿಂದ 1 ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಎಷ್ಟು ಗದ್ದಲವಿದೆಯೋ 1ರಿಂದ 10ರವರೆಗೂ ಅಷ್ಟೇ ಇರುತ್ತದೆ. ಮೊದಲನೆಯ ಪಟ್ಟಿ ಎರಡನೆಯದರ ಹತ್ತನೆಯ ಒಂದು ಭಾಗ ಅಗಲವಿದ್ದರೂ ಸರಿಯೇ. ಹೆಚ್ಚು ಹೊತ್ತು ಅಳೆದು ಸರಾಸರಿ ತೆಗೆದರೆ ಗದ್ದಲ ಕಡಿಮೆಯಾದೀತೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಹೊತ್ತು ಹೆಚ್ಚಿದಂತೆ ಇನ್ನೂ ಕೆಳಗಿನ ಆವೃತ್ತಿಗಳ ಗದ್ದಲ ಬಂದು ಸೇರಿಕೊಳ್ಳುತ್ತಲೇ ಹೋಗುತ್ತದೆ.

ಆದುದರಿಂದ 1,000 ಹರ್ಟ್ಸ್‌ನಲ್ಲಿ ಕೊಟ್ಟ ಅಂಕಿಯನ್ನು ನಂಬಿ 1 ಹರ್ಟ್ಸ್‌ನ ಮಾಪನಕ್ಕೆ ಇಳಿಯಬಾರದು. ಬಹುಮಟ್ಟಿನ ವಿವರಣ ಪತ್ರಗಳಲ್ಲಿ 0.1ರಿಂದ 10 ಹರ್ಟ್ಸ್‌ವರೆಗಿನ ಗದ್ದಲವನ್ನು ಶಿಖರದಿಂದ ಕಣಿವೆಯವರೆಗಿನ ಅಳತೆಯಾಗಿ ಕೊಟ್ಟಿರುತ್ತಾರೆ. ಇದನ್ನು 6.6ರಿಂದ ಭಾಗಿಸಿದರೆ ವರ್ಗಮಧ್ಯಮೂಲ ಮೌಲ್ಯ ಸ್ಥೂಲವಾಗಿ ದೊರೆಯುತ್ತದೆ. ಅದನ್ನು ಮತ್ತೆ 10ರ ವರ್ಗಮೂಲದಿಂದ ಭಾಗಿಸಿದರೆ ಆ ಪಟ್ಟಿಯ ಸರಾಸರಿ ಸಾಂದ್ರತೆ. ಎಡಿ 743ಕ್ಕೆ ಕೊಟ್ಟಿರುವುದು 380 ನ್ಯಾನೊವೋಲ್ಟ್. ಲೆಕ್ಕ ಮಾಡಿದರೆ ಸುಮಾರು 18. ಅದೇ ವರ್ಧಕದ ಮೇಲಿನ ಆವೃತ್ತಿಯ ಅಂಕಿ 2.9. ಕೆಳ ಆವೃತ್ತಿಯಲ್ಲಿ ಅದರ ಗದ್ದಲ ಎಷ್ಟು ಪಟ್ಟು ಏರಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಓಪಿ 27ಕ್ಕೆ 80 ನ್ಯಾನೊವೋಲ್ಟ್, ಎಲ್‌ಟಿ 1028ಕ್ಕೆ 35. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಈ ಪರೀಕ್ಷೆಯನ್ನು ಆದಾನ ತುದಿಗೆ ಅತ್ಯಲ್ಪ ರೋಧವನ್ನು ಜೋಡಿಸಿ ಮಾಡಿರುತ್ತಾರಾದ್ದರಿಂದ ಪ್ರವಾಹದ ಗದ್ದಲ ಇದರಲ್ಲಿ ಕಾಣಿಸುವುದೇ ಇಲ್ಲ. ಪ್ರವಾಹಕ್ಕೂ ಮಿನುಗು ಉಂಟು, ಮತ್ತು ಅದು ಅನೇಕ ವೇಳೆ ಇನ್ನೂ ಮೇಲಿನ ಆವೃತ್ತಿಯಿಂದಲೇ ಆರಂಭವಾಗುತ್ತದೆ. ಓಪಿ 27ರಲ್ಲಿ ವೋಲ್ಟತೆಯ ಮಿನುಗು ಸುಮಾರು 2.7 ಹರ್ಟ್ಸ್‌ನಿಂದ ಕೆಳಗೆ ಮೇಲುಗೈ ಪಡೆದರೆ, ಪ್ರವಾಹದ್ದು 140 ಹರ್ಟ್ಸ್‌ನಿಂದಲೇ ಪಡೆದುಬಿಡುತ್ತದೆ.

ನಮ್ಮ ಭೂಕಂಪಮಾಪಕವನ್ನೇ 0.1 ಹರ್ಟ್ಸ್‌ಗೆ ಒಯ್ದರೆ ಚಿತ್ರ ಮತ್ತೆ ಬದಲಾಗುತ್ತದೆ. ಅಲ್ಲಿ ಮಾಪಕದ ಸಂವೇದನೆ ನೂರರಲ್ಲೊಂದು ಪಾಲಿಗೆ ಕುಸಿದಿರುತ್ತದೆ. ಆದರೂ ನೆಲದ ವೇಗ ಅಧಿಕವಾಗಿರುವುದರಿಂದ, ಪೀಟರ್ಸನ್ ಅವರ ಕನಿಷ್ಠ ಮಾದರಿಯಂತೆ ಸುಮಾರು 29 ನ್ಯಾನೊವೋಲ್ಟ್ ದೊರೆಯಬೇಕು. ಓಪಿ 27ರ ಪ್ರವಾಹದ ಗದ್ದಲ ಅಲ್ಲಿ ಸುಮಾರು 15 ಪಿಕೊಆಂಪೇರಿಗೇರಿ ಸುರುಳಿಯಲ್ಲಿ 80 ನ್ಯಾನೊವೋಲ್ಟನ್ನು ಮೀರುತ್ತದೆ. ಎಡಿ 743ರ ವೋಲ್ಟತೆಯ ಗದ್ದಲ 40ನ್ನು ಮೀರುವುದೆಂದು ಅಂದಾಜಿಸಬಹುದು. 10 ಹರ್ಟ್ಸ್‌ನಲ್ಲಿ ಗೆದ್ದ ಎರಡೂ ಇಲ್ಲಿ ಸೋತವು. ಆಕರ ಅದೇ, ಆವೃತ್ತಿ ಮಾತ್ರ ಬೇರೆ.

ಇಂಥ ಸ್ಥಳದಲ್ಲಿ ನೆರವಿಗೆ ಬರುವುದು ಚಾಪರ್ ವರ್ಧಕ. ಸಂಕೇತವನ್ನು ಕ್ರಮಬದ್ಧವಾಗಿ ಹಿಂದುಮುಂದಾಗಿಸಿ ಮೇಲಿನ ಆವೃತ್ತಿಗೆ ಎತ್ತಿ, ಅಲ್ಲಿ ವರ್ಧಿಸಿ, ಮತ್ತೆ ಕೆಳಗಿಳಿಸುವುದು ಇದರ ತತ್ತ್ವ. ಮಿನುಗು ಗದ್ದಲ ವರ್ಧಕದ ಒಳಗೆ ಹುಟ್ಟುವುದರಿಂದ ಅದು ಸಂಕೇತದ ಪಟ್ಟಿಯಿಂದ ಹೊರಗೆ ಉಳಿದುಬಿಡುತ್ತದೆ. ಈ ತತ್ತ್ವ ಹಳೆಯದು. 1940ರ ದಶಕದ ಕೊನೆಯಲ್ಲಿಯೇ ಯಾಂತ್ರಿಕ ಸ್ವಿಚ್ಚುಗಳಿಂದ ಇದನ್ನು ಸಾಧಿಸುತ್ತಿದ್ದರು. ಹಳೆಯ ಚಾಪರ್ ಐ.ಸಿ.ಗಳ ಗದ್ದಲ ಒಂದೆರಡು ಮೈಕ್ರೊವೋಲ್ಟ್‌ಗಳಷ್ಟಿದ್ದು, ಸ್ವಿಚ್ಚಿನ ಸೂಜಿಮೊನೆಗಳೂ ಸಂಕೇತದಲ್ಲಿ ಸೇರಿಕೊಳ್ಳುತ್ತಿದ್ದವು. ಹಾಗಾಗಿ ಅನುಭವಿಗಳು ಇವುಗಳ ಹೆಸರೆತ್ತಿದರೆ ಈಗಲೂ ಮುಖ ಸಿಂಡರಿಸುತ್ತಾರೆ. ಆ ಅಭಿಪ್ರಾಯವನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಎಡಿಎ 4528 ಎಂಬ ಚಾಪರ್ ವರ್ಧಕದ 0.1ರಿಂದ 10 ಹರ್ಟ್ಸ್ ಗದ್ದಲ 97 ನ್ಯಾನೊವೋಲ್ಟ್. ಮೇಲಿನ ಸೂತ್ರದಂತೆ ಭಾಗಿಸಿದರೆ ಸಾಂದ್ರತೆ ಸುಮಾರು 4.7, 1,000 ಹರ್ಟ್ಸ್‌ನಲ್ಲಿ ಅದಕ್ಕೆ ಕೊಟ್ಟಿರುವುದು 5.6. ಎಂದರೆ ಕೆಳಗೆ ಏರಿಕೆಯೇ ಇಲ್ಲ. ಪ್ರವಾಹದ ಗದ್ದಲ ಒಂದು ಪಿಕೊಆಂಪೇರಿಗಿಂತ ಕಡಿಮೆ. ನಮ್ಮ ಸುರುಳಿಯೊಂದಿಗೆ ಒಟ್ಟು 12.5ನ್ನು ಮೀರದು. 10 ಹರ್ಟ್ಸ್‌ನಲ್ಲಿ ಎಡಿ 743ಕ್ಕೆ ತುಸು ಹಿಂದೆ, 0.1 ಹರ್ಟ್ಸ್‌ನಲ್ಲಿ ಎಲ್ಲಕ್ಕಿಂತ ಬಹು ಮುಂದೆ. ಎರಡು ಆವೃತ್ತಿಗಳೂ ಬೇಕೆನ್ನುವವರು ಇದನ್ನೇ ಆಯ್ದುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಆದರೆ ಆಕರದ ರೋಧ ಲಕ್ಷಗಟ್ಟಲೆ ಓಮ್ ಆದಾಗ ಚಾಪರಿನ ಪ್ರವಾಹದ ಗದ್ದಲವೇ ಶತ್ರುವಾಗುತ್ತದೆಂಬುದನ್ನು ಮರೆಯಬಾರದು.

ಜಲಧ್ವನಿಗ್ರಾಹಕದಂಥ ಪೀಜೋವಿದ್ಯುತ್ ಆಕರಗಳ ದಾರಿ ಬೇರೆ. ಅವು ರೋಧಕಗಳಲ್ಲ, ಧಾರಕಗಳು. ಒಂದು ನ್ಯಾನೊಫ್ಯಾರಡ್ ಧಾರಕದ ಪ್ರತಿರೋಧ 1 ಹರ್ಟ್ಸ್‌ನಲ್ಲಿ ಸುಮಾರು 16 ಕೋಟಿ ಓಮ್. ಇಲ್ಲಿ ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರಿನ ವರ್ಧಕದ ಹೊರತು ಬೇರೆ ಆಯ್ಕೆಯೇ ಇಲ್ಲ. ಆದಾನ ತುದಿಯಿಂದ ನೆಲಕ್ಕೆ ಜೋಡಿಸುವ ರೋಧಕವನ್ನು ಕಿರಿದಾಗಿಸಿದರೆ ಗದ್ದಲ ಕಡಿಮೆಯಾದೀತೆಂದು ತೋರಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ರೋಧ ಹೆಚ್ಚಿದಷ್ಟೂ ಅದರ ಗದ್ದಲ ಪ್ರವಾಹ ಕುಗ್ಗುತ್ತದೆ, ಆಕರವೇ ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ನೂರಾರು ಕೋಟಿ ಓಮ್‌ಗಳ ರೋಧಕವನ್ನು ಬಳಸುವುದೇ ಸರಿ.

‘ಗದ್ದಲಾಂಕ’ ಎಂಬ ಇನ್ನೊಂದು ಅಳತೆಯ ಮೋಹಕ್ಕೂ ಸಿಲುಕಬಾರದು. ಆಕರದ ಉಷ್ಣ ಗದ್ದಲಕ್ಕೆ ಹೋಲಿಸಿದರೆ ವರ್ಧಕ ಎಷ್ಟು ಗದ್ದಲ ಸೇರಿಸಿತು ಎಂಬುದನ್ನು ಅದು ಹೇಳುತ್ತದೆ. 100 ಓಮ್ ಆಕರಕ್ಕೆ ಸರಣಿಯಲ್ಲಿ ಒಂದು ಸಾವಿರ ಓಮ್ ಸೇರಿಸಿ, ಒಟ್ಟನ್ನೂ ಆಕರವೆಂದೇ ಲೆಕ್ಕ ಹಿಡಿದರೆ ಗದ್ದಲಾಂಕ ಸುಂದರವಾಗಿ ಸುಧಾರಿಸುತ್ತದೆ, ಮಾಪನ ಮಾತ್ರ ಹಾಳಾಗುತ್ತದೆ. ಹೋಲಿಕೆಯ ಅಳತೆಗೋಲನ್ನೇ ಉದ್ದವಾಗಿಸಿದ ಹಾಗೆ. ಇದೇ ಕಾರಣದಿಂದ ವರ್ಧಕವನ್ನು ರಕ್ಷಿಸಲೆಂದು ಆದಾನದಲ್ಲಿ ಹಾಕುವ ಸಾವಿರ ಓಮ್ ರೋಧಕವೂ 4.1 ನ್ಯಾನೊವೋಲ್ಟ್ ದಂಡ ವಿಧಿಸುತ್ತದೆ. ವರ್ಧನೆಯನ್ನು ನಿರ್ಧರಿಸುವ ರೋಧಕಗಳೂ ಹೀಗೆಯೇ. ಸಾವಿರ ಪಟ್ಟು ವರ್ಧನೆಗೆ 10 ಓಮ್ ಮತ್ತು 10,000 ಓಮ್ ಜೋಡಿ ಬಳಸಬೇಕೇ ಹೊರತು 1,000 ಓಮ್ ಮತ್ತು ಹತ್ತು ಲಕ್ಷ ಓಮ್ ಜೋಡಿಯನ್ನಲ್ಲ. ನೇರ ಪ್ರವಾಹ ಹರಿಯುವೆಡೆ ಇಂಗಾಲದ ರೋಧಕಗಳು ಸ್ವಂತ ಮಿನುಗನ್ನು ಸೇರಿಸುವುದರಿಂದ ಲೋಹದ ಪದರದ ರೋಧಕಗಳು ಮೇಲು.

ವರ್ಧಕವನ್ನು ಸರಿಯಾಗಿ ಆಯ್ದ ಮೇಲೂ ಅದರ ಸುತ್ತಲಿನ ಗಾಳಿ ಎಲ್ಲವನ್ನೂ ಕೆಡಿಸಬಲ್ಲದು. ಇದು ಉತ್ಪ್ರೇಕ್ಷೆಯಲ್ಲ. ಕೆಲವು ಐ.ಸಿ.ಗಳ ಕಾಲುಗಳು ಕೋವಾರ್ ಎಂಬ ಮಿಶ್ರಲೋಹದವು. ತಾಮ್ರದೊಡನೆ ಅದು ಸೇರುವಲ್ಲಿ ಡಿಗ್ರಿಯೊಂದಕ್ಕೆ ಸುಮಾರು 35ರಿಂದ 40 ಮೈಕ್ರೊವೋಲ್ಟ್ ಉಷ್ಣವಿದ್ಯುತ್ ಉಂಟಾಗುತ್ತದೆ. ಎರಡು ಕಾಲುಗಳ ನಡುವೆ ಡಿಗ್ರಿಯ ಸಾವಿರದಲ್ಲೊಂದು ಭಾಗ ವ್ಯತ್ಯಾಸವಾದರೂ ನಮ್ಮ ನೆಲದ ನಡುಕದ ಎರಡು ಪಟ್ಟು ಬಂತು. ಮೇಲೆ ತಿರುಗುವ ಫ್ಯಾನಿನ ಗಾಳಿಯಿಂದ ಇದು ನಿಧಾನವಾಗಿ ಏರಿಳಿಯುತ್ತದೆ, ಮತ್ತು ಮಿನುಗು ಗದ್ದಲದಂತೆಯೇ ಕಾಣುತ್ತದೆ. ವರ್ಧಕದ ಮೇಲೊಂದು ಮುಚ್ಚಳ, ಅದರೊಳಗೆ ಸ್ವಲ್ಪ ಹತ್ತಿ. ಇಷ್ಟು ಅಗ್ಗದ ಸುಧಾರಣೆ ಇಡೀ ವಿದ್ಯುನ್ಮಾನ ಶಾಸ್ತ್ರದಲ್ಲಿ ಇನ್ನೊಂದಿರಲಾರದು. 50 ಹರ್ಟ್ಸ್ ವಿದ್ಯುತ್ ಪೂರೈಕೆಯ ಗುಂಯ್‌ಗುಡುವಿಕೆಯನ್ನು ಹೆಣೆದ ಜೋಡಿ ತಂತಿ, ಲೋಹದ ಕವಚ ಮತ್ತು ಒಂದೇ ಬಿಂದುವಿನಲ್ಲಿ ಭೂಸಂಪರ್ಕ ಇವುಗಳಿಂದ ತಡೆಯಬೇಕು. ಆ ವಿಷಯ ಪಠ್ಯಪುಸ್ತಕಗಳಲ್ಲಿ ಸಾಕಷ್ಟಿದೆ.

ವರ್ಧಕದ ಹೊರಗೂ ಎರಡು ಉಪಾಯಗಳುಂಟು. ಸಂಕೇತವನ್ನು ಆಕರದಲ್ಲಿಯೇ ಮೇಲಿನ ಆವೃತ್ತಿಗೆ ಒಯ್ಯಲು ಸಾಧ್ಯವಾದರೆ ಕೆಳ ಆವೃತ್ತಿಯ ಸಮಸ್ಯೆಯೇ ಉಳಿಯದು. ರಾಬರ್ಟ್ ಡಿಕಿ 1946ರಲ್ಲಿ ಪ್ರಕಟಿಸಿದ ವಿಕಿರಣಮಾಪಕ ಆಕಾಶವನ್ನೂ ತಿಳಿದ ಉಷ್ಣತೆಯ ಆಕರವನ್ನೂ ಸರದಿಯಂತೆ ನೋಡುತ್ತ ಇದನ್ನೇ ಸಾಧಿಸಿತು. ತ್ರಾಣಮಾಪಕ ಸೇತುವೆಗೆ ನೇರ ಪ್ರವಾಹದ ಬದಲು ಕೆಲವು ನೂರು ಹರ್ಟ್ಸ್‌ನ ಪರ್ಯಾಯ ಪ್ರವಾಹ ಕೊಟ್ಟು ಲಾಕ್-ಇನ್ ವರ್ಧಕದಿಂದ ಅಳೆಯುವವರು ಮಾಡುವುದೂ ಇದನ್ನೇ. ಆದರೆ ಭೂಕಂಪವನ್ನು ನಮ್ಮ ಇಷ್ಟದ ಆವೃತ್ತಿಗೆ ಒಯ್ಯುವುದು ಯಾರಿಂದಲೂ ಆಗದು. ಅಲ್ಲಿ ಎರಡನೆಯ ಉಪಾಯವೇ ಗತಿ: ಮಾಪಕಗಳ ಸಂಖ್ಯೆಯನ್ನು ಹೆಚ್ಚಿಸುವುದು. ಕರ್ನಾಟಕದ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಸಹಕಾರದೊಂದಿಗೆ ಭಾರತದ ಪರಮಾಣು ಶಕ್ತಿ ಇಲಾಖೆ ಸ್ಥಾಪಿಸಿದ ವ್ಯೂಹದಲ್ಲಿ 20 ಭೂಕಂಪಮಾಪಕಗಳನ್ನು ಗಟ್ಟಿ ಶಿಲೆಯ ಮೇಲೆ ಎರಡು ಬಾಹುಗಳಲ್ಲಿ ಲಂಬಕೋನದ ಆಕಾರದಲ್ಲಿ ಹರಡಿದರು. ದೂರದ ಭೂಗತ ಅಣುಸ್ಫೋಟಗಳನ್ನು ಗುರುತಿಸುವುದು ಅದರ ಮುಖ್ಯ ಉದ್ದೇಶ. ಅಲೆಯು ಒಂದೊಂದು ಮಾಪಕವನ್ನು ಮುಟ್ಟುವ ಕಾಲಾಂತರವನ್ನು ಸರಿಪಡಿಸಿ ಇಪ್ಪತ್ತನ್ನೂ ಕೂಡಿಸಿದರೆ ಸಂಕೇತ ಇಪ್ಪತ್ತು ಪಟ್ಟಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲ 20ರ ವರ್ಗಮೂಲದಷ್ಟು, ಎಂದರೆ ಸುಮಾರು 4.5 ಪಟ್ಟು ಮಾತ್ರ. ಲಾಭವೂ 4.5 ಪಟ್ಟು.

ಕೊನೆಯದಾಗಿ ಪರೀಕ್ಷೆಯ ವಿಷಯ. ವರ್ಧಕ ಕೈಗೆ ಬಂದಾಗ ಮೊದಲು ಆದಾನ ತುದಿಗಳನ್ನು ತಂತಿಯಿಂದ ಕೂಡಿಸಿ ಗದ್ದಲವನ್ನು ದಾಖಲಿಸಬೇಕು. ಇದು ವೋಲ್ಟತೆಯ ಗದ್ದಲ. ಬಳಿಕ ಆಕರಕ್ಕೆ ಸಮನಾದ ರೋಧಕವೊಂದನ್ನು, ನಮ್ಮ ಉದಾಹರಣೆಯಲ್ಲಿ 5,500 ಓಮ್ ರೋಧಕವನ್ನು, ಜೋಡಿಸಿ ಮತ್ತೆ ದಾಖಲಿಸಬೇಕು. ಹೆಚ್ಚಳವು ರೋಧಕದ ಉಷ್ಣ ಗದ್ದಲಕ್ಕೆ ಸರಿಹೊಂದಿದರೆ ಸರಿ. ಮೀರಿದ್ದು ಪ್ರವಾಹದ ಗದ್ದಲ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಿದು. ಮಾಪಕಗಳು ಎರಡಿದ್ದರೆ, ಅವನ್ನು ಒಂದೇ ಕಲ್ಲಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಪ್ರತ್ಯೇಕ ವರ್ಧಕಗಳ ಮೂಲಕ ಒಂದು ರಾತ್ರಿ ದಾಖಲಿಸಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ನೆಲ ಎರಡಕ್ಕೂ ಒಂದೇ ಆದುದರಿಂದ ಅದು ಅಳಿದುಹೋಗಿ ಉಪಕರಣಗಳ ಗದ್ದಲ ಮಾತ್ರ ಉಳಿಯುತ್ತದೆ. ಆರಂಭದಲ್ಲಿ ಹೇಳಿದ ಪ್ರಯೋಗಾಲಯದಲ್ಲಿ ಬೇಸಗೆ ಕಳೆದ ಮೇಲೆ ಮಾಡಿದ ಪರೀಕ್ಷೆ ಇದೇ. ಕಳೆದ ಮೇಲೆ ಉಳಿದದ್ದು ಕಳೆಯುವ ಮುನ್ನ ಇದ್ದುದಕ್ಕಿಂತ ಕಡಿಮೆಯಾಗಿರಲಿಲ್ಲ.